ಸೋಫುಸನ ಹಾಡಿನ ಏಳನೆಯ ನುಡಿ

ಬಾಗಿಲ ಹಿಡಿಗೆ ಯಾರೋ ಮೀನಿನ ಚೀಲ ತೂಗುಹಾಕಿ ಹೋಗಿದ್ದರು. ಯಾರೋ ಏನು, ಪಕ್ಕದ ಮನೆಯವನೇ. ದೋಣಿ ಬಂದ ದಿನ ಹೀಗೆ ತೂಗುಹಾಕಿ, ಬಾಗಿಲು ತಟ್ಟದೆ, ಒಂದು ಒಳ್ಳೆಯ ಮಾತು ಹೇಳಿಸಿಕೊಳ್ಳುವುದಕ್ಕೂ ನಿಲ್ಲದೆ ಹೋಗಿಬಿಡುತ್ತಾನೆ. ಬೇರೆ ದಿನವಾಗಿದ್ದರೆ ಆ ಚೀಲ ಕಂಡೇ ಗುನ್ವಾಳ ಬೆಳಗು ಹಗುರವಾಗುತ್ತಿತ್ತು. ಇವತ್ತು ಅವಳು ಮೀನನ್ನು ಹಲಗೆಯ ಮೇಲೆ ಎತ್ತಿ ಹಾಕಿದ ರಭಸಕ್ಕೆ ಕಾಫಿ ಲೋಟ ಅಲುಗಿತು. ಚಾಕು ಕಿವಿರಿನ ಹಿಂದೆ ಇಳಿಯಿತು, ಮೂಳೆಗೆ ತಾಗಿತು, ಅದರ ಗುಂಟ ಬಾಲದವರೆಗೆ ಒಂದೇ ಎಳೆತದಲ್ಲಿ ಹೋಯಿತು. ಕೈ ಮರೆತಿರಲಿಲ್ಲ. ಊರ ಶಾಲೆಯಲ್ಲಿ ಜೀವಮಾನವಿಡೀ ಸೀಮೆಸುಣ್ಣ ಹಿಡಿದು ನಿವೃತ್ತವಾದ ಕೈ. ಆದರೆ ಅದಕ್ಕೂ ಮೊದಲು, ಶಿಕ್ಷಕರ ಕಾಲೇಜಿಗೆ ಹೋಗುವ ಮುಂಚೆ, ಬಂದರಿನ ಮೀನಿನ ಕಾರ್ಖಾನೆಯಲ್ಲಿ ಹೆಂಗಸರ ಸಾಲಿನಲ್ಲಿ ನಿಂತು ಕಲಿತದ್ದನ್ನೇ ಅದು ತನ್ನ ನಿಜವಾದ ವಿದ್ಯೆ ಎಂದುಕೊಂಡಂತಿತ್ತು. ಕಿಟಕಿಯ ಗೂಡಿನಲ್ಲಿದ್ದ ಫೋನು ಬೆಳಗಿ ಆರಿತು. ಅವಳು ನೋಡಲಿಲ್ಲ. ಅದರಲ್ಲಿ ಬಂದಿದ್ದುದು ಆಗಲೇ ಬಾಯಿಪಾಠವಾಗಿತ್ತು. ‘ಪ್ರೀತಿಯ ಟೀಚರ್, ಏಳನೆಯ ನುಡಿಯ ಬಗ್ಗೆ ನಾವು ಕೂತು ಮಾತಾಡಿದೆವು. ಅದರಲ್ಲಿ ಬರುವ ಹೆಂಗಸು ಯಾರೆಂದು ತಿಳಿದು, ಅವರೋ ಅವರ ಮನೆಯವರೋ ಒಪ್ಪಿದರೆ ಇಟ್ಟುಕೊಳ್ಳೋಣ. ಇಲ್ಲದಿದ್ದರೆ ಆ ನುಡಿಯನ್ನು ಬೇರೆ ಬರೆಯೋಣ. ಒಂದು ಮಾದರಿ ಕೆಳಗಿದೆ. ಬೈಯಬೇಡಿ. ನಿಮ್ಮ ಬಾರ್ಬಾ.’

ಮಾದರಿ. ಕಡಲು ನಮ್ಮನ್ನು ತೋಯಿಸಿತು, ಮಳೆ ನಮ್ಮನ್ನು ತೋಯಿಸಿತು, ಆದರೂ ತಲೆ ಎತ್ತಿ ನಿಂತೆವು, ಅಕ್ಕತಂಗಿಯರೆ. ಗುನ್ವಾ ಮೀನಿನ ತಲೆಯನ್ನು ಬೋಗುಣಿಗೆ ಎಸೆದಳು. ಈ ಫ್ಯಾರೋ ದ್ವೀಪಗಳಲ್ಲಿ ಮಳೆ ತೋಯಿಸದೆ ಬಿಟ್ಟ ಪ್ರಾಣಿ ಯಾವುದು? ಕುರಿಗಳು ತೋಯುತ್ತವೆ, ಪಾದ್ರಿ ತೋಯುತ್ತಾನೆ, ಪಂಚಾಯಿತಿಯ ಕಸದ ಡಬ್ಬಿ ತೋಯುತ್ತದೆ. ಹಾಗಾದರೆ ಅವಕ್ಕೂ ಒಂದು ಹೋರಾಟದ ಹಾಡು ಬರೆಯಲಿ. ಬಾರ್ಬಾ ಅವಳ ತರಗತಿಯಲ್ಲೇ ಓದಿದ ಹುಡುಗಿ. ಈಗ ರಾಜಧಾನಿ ತೋರ್ಸ್‌ಹಾವ್ನಿನಲ್ಲಿ ಹಾಡುಗಳ ಧ್ವನಿಮುದ್ರಣ ಮಾಡುವ ಕೆಲಸ ಅವಳದು. ಹಳೆಯ ಹಾಡುಗಳನ್ನು ಹೊಸದಾಗಿ ಹೊರತರುತ್ತಾಳೆ. ತಾನೂ ಕಾರ್ಖಾನೆಯ ಹೆಂಗಸರೂ ಸೇರಿ ಮ್ಯಾನೇಜರನ ಮೇಲೆ ಕಟ್ಟಿದ ಹಾಡು, ಒಮ್ಮೆ ಸಣ್ಣ ರೆಕಾರ್ಡಾಗಿ ಬಂದು ಸವೆದು ಹೋಗಿದ್ದದ್ದು, ಮತ್ತೆ ಬರುತ್ತದೆ ಎಂದು ತಿಳಿದ ದಿನ ಗುನ್ವಾ ಸಂತೋಷಕ್ಕೆ ಕೇಕು ಮಾಡಿದ್ದಳು. ಒಬ್ಬಳೇ ತಿಂದಿದ್ದಳು.

ಒಪ್ಪಿಗೆ ಬೇಕಂತೆ. ಚಾಕು ಮೂಳೆಯಿಂದ ಜಾರಿತು. ಅಂದು ಕಾರ್ಖಾನೆಯಲ್ಲಿ ಮೇಜಿನ ಗಾಜಿನ ಕೆಳಗಿಂದ ಬೆಳಕು ಬರುತ್ತಿತ್ತು, ಮೀನಿನ ಮಾಂಸದೊಳಗಿನ ಹುಳು ಕಾಣಲೆಂದು. ಆ ಬೆಳಕು ಕೆಳಗಿನಿಂದ ಮುಖಕ್ಕೆ ಬಿದ್ದು ಹೆಂಗಸರೆಲ್ಲ ಸತ್ತವರಂತೆ ಕಾಣುತ್ತಿದ್ದರು. ಶೌಚಕ್ಕೆ ಹೋಗಬೇಕಾದರೆ ಕೈ ಎತ್ತಬೇಕು. ಎತ್ತಿದ ಕೈಯಿಂದ ಮೀನಿನ ನೀರು ತೋಳಿನೊಳಗೆ ಇಳಿಯುವುದು. ಮೇಲೆ ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಸೋಫುಸ್ ತಲೆ ಎತ್ತಿ ಗೋಡೆಯ ಗಡಿಯಾರ ನೋಡುವನು. ತಲೆಯಾಡಿಸಿದರೆ ಹೋಗಬಹುದು. ಆ ದಿನ ದೋಣಿಗಳು ತುಂಬಿ ಬಂದಿದ್ದವು, ಪಟ್ಟೆಯ ಮೇಲೆ ಮೀನು ನಿಲ್ಲದೆ ಹರಿಯುತ್ತಿತ್ತು. ಒಂದು ಕೈ ಎತ್ತಿತು. ಅವನು ಇಲ್ಲವೆಂದ. ಕೈ ಇಳಿಯಿತು, ಮತ್ತೆ ಎತ್ತಿತು. ಅವನು ಬೆರಳಿನಿಂದ ಗಡಿಯಾರ ತೋರಿಸಿ, ಮೀಸೆಯಲ್ಲಿ ನಕ್ಕ. ಆಮೇಲೆ ಎತ್ತಲಿಲ್ಲ. ಆಮೇಲೆ ಸಿಮೆಂಟಿನ ನೆಲದ ಮೇಲೆ, ಬೂಟುಗಳ ನಡುವೆ, ಬೇರೆ ಥರದ ಒದ್ದೆ, ಅದರಿಂದ ಎದ್ದ ಸ್ವಲ್ಪ ಹಬೆ, ಆ ಚಳಿಗೆ. ಅಕ್ಕಪಕ್ಕದವರು ನೋಡಿದರು, ನೋಡಲಿಲ್ಲವೆಂಬಂತೆ ನೋಡಿದರು. ಆಗ ಸನ್ನಾ, ಸಾಲಿನ ಕೊನೆಯಲ್ಲಿದ್ದ ದಪ್ಪ ಸನ್ನಾ, ಗೋಡೆಯ ಕೊಕ್ಕೆಯಿಂದ ನೆಲ ತೊಳೆಯುವ ಪೈಪು ತೆಗೆದು ಮೊದಲು ತನ್ನ ಮೈಮೇಲೇ ಬಿಟ್ಟುಕೊಂಡಳು. ಕಡಲ ನೀರು. ಆಮೇಲೆ ಒಬ್ಬೊಬ್ಬರ ಮೇಲೆ, ಸೊಂಟದಿಂದ ಕೆಳಕ್ಕೆ, ಸಾಲಿನುದ್ದಕ್ಕೂ. ಮೊದಲಿನವರು ಕಿರುಚಿದರು. ಆಮೇಲಿನವರಿಗೆ ಅರ್ಥವಾಯಿತು, ಅವರು ಏಪ್ರನ್ ಎತ್ತಿ ಹಿಡಿದು ನಿಂತರು. ಸೋಫುಸ್ ಇಳಿದು ಬಂದಾಗ ನೆಲವೆಲ್ಲ ನೀರು, ಹೆಂಗಸರೆಲ್ಲ ಒದ್ದೆ. ಯಾರು ಎಂದ. ಯಾರೂ ಹೇಳಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು, ಬಾಯಿ ಬಿಡಲಿಲ್ಲ. ಆ ಒದ್ದೆ ಬಟ್ಟೆಯಲ್ಲೇ ಎಲ್ಲರೂ ಹೊರಗೆ ನಡೆದರು, ಗೋಡೆಯಿಂದ ಆ ಗಡಿಯಾರ ಇಳಿಸುವವರೆಗೂ ಕೆಲಸಕ್ಕೆ ಮರಳಿ ಬರಲಿಲ್ಲ. ಆ ಒಬ್ಬಳು ಯಾರೆಂದು ಅಂದಿನಿಂದ ಇಂದಿನವರೆಗೆ ಗುನ್ವಾ ಯಾರಿಗೂ ಹೇಳಿರಲಿಲ್ಲ. ಮನಸ್ಸಿನೊಳಗೂ ಅವಳು ಆ ಹೆಸರನ್ನು ಆಡಿಕೊಳ್ಳುತ್ತಿರಲಿಲ್ಲ. ಅಲ್ಲಿಗೆ ಬಂದರೆ ಅವಳ ನೆನಪು ತಾನೇ ಪೈಪು ಎತ್ತಿಕೊಂಡು ಎಲ್ಲರನ್ನೂ ತೋಯಿಸಿಬಿಡುತ್ತಿತ್ತು.

ಮಧ್ಯಾಹ್ನ ಬಾರ್ಬಾ ತಾನೇ ಬಂದಳು. ಹೊಸಿಲಲ್ಲಿ ಬೂಟು ಬಿಚ್ಚಿ, ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಬಂದವಳು ಮೂಗು ಎಳೆದುಕೊಂಡು, ಬೆಳಗ್ಗೆಯೇ ಮೀನು ಬಿಡಿಸಿದಿರಾ ಟೀಚರ್, ವಾಸನೆ ದಾರಿಗೇ ಬಂತು ಎಂದಳು.

“ನಿನ್ನ ಹೊಸ ನುಡಿಗಿಂತ ಇದರ ವಾಸನೆ ವಾಸಿ,” ಎಂದಳು ಗುನ್ವಾ.

ಹುಡುಗಿ ನಕ್ಕಳು. ನಗು ಬೇಗ ನಿಂತಿತು. ಕಾಫಿ ಬಸಿದು ಮುಂದಿಟ್ಟು, ಮನೆಯ ರೂಬಾರ್ಬ್ ಜಾಮಿನ ಬಾಟಲಿಯನ್ನು ಬೇಕೆಂದೇ ಅವಳ ಕೈಗೆ ಸಿಗದಷ್ಟು ದೂರ ಇಟ್ಟು, ಗುನ್ವಾ ಎದುರಿಗೆ ಕೂತಳು. ತನ್ನ ಈ ಸಣ್ಣತನಕ್ಕೆ ತಾನೇ ನಾಚಿಕೊಂಡಳು. ಆದರೂ ಬಾಟಲಿ ಸರಿಸಲಿಲ್ಲ. ಬಾರ್ಬಾ ಮೆತ್ತಗೆ, ಕಲಿತವರ ತಾಳ್ಮೆಯಲ್ಲಿ, ವಿವರಿಸಿದಳು. ಆ ಕಾಲ ಬೇರೆ, ಈ ಕಾಲ ಬೇರೆ. ಹಾಡು ಈಗ ಊರಿನವರು ತೋಳು ಹಿಡಿದು ಕುಣಿಯುವ ರಿಂಗಿನಲ್ಲಿ ಉಳಿಯುವುದಿಲ್ಲ, ಎಲ್ಲೆಲ್ಲೋ ಹೋಗುತ್ತದೆ. ಒಬ್ಬ ಹೆಂಗಸಿನ ಅವಮಾನವನ್ನು ಅವಳನ್ನು ಕೇಳದೆ ಹಾಡಬಾರದು. ಸೋಫುಸನ ಹೆಸರು ಇರಲಿ, ಅದಕ್ಕೆ ಅಡ್ಡಿಯಿಲ್ಲ. ಸೋಫುಸನೇ ಖುಷಿಯಾಗಿ ಒಪ್ಪಿದ್ದಾನೆ. ಶನಿವಾರದ ಧ್ವನಿಮುದ್ರಣಕ್ಕೆ ತಾನೇ ಬಂದು ರಿಂಗಿನಲ್ಲಿ ಕುಣಿಯುತ್ತೇನೆಂದಿದ್ದಾನೆ.

ಅದು ಊರಿಗೆಲ್ಲ ಗೊತ್ತಿತ್ತು, ಊರೆಲ್ಲ ಆ ಸುದ್ದಿಗೆ ಕರಗಿ ಹೋಗಿತ್ತು. ಯಾರ ಮೇಲೆ ಹಾಡು ಕಟ್ಟಿದೆಯೋ ಅವನನ್ನು ರಿಂಗಿಗೆ ಎಳೆದು, ಎರಡು ಕಡೆ ಇಬ್ಬರು ತೋಳು ಹಿಡಿದು, ಕೊನೆಯ ನುಡಿಯವರೆಗೂ ಕುಣಿಸಬೇಕು. ಮಧ್ಯೆ ರಿಂಗು ಮುರಿಯುವಂತಿಲ್ಲ. ಅಜ್ಜಂದಿರ ಕಾಲದಿಂದ ಬಂದ ನ್ಯಾಯ ಇದು. ಹಾಡು ಹುಟ್ಟಿದ ವರ್ಷ, ಚಳಿಗಾಲದ ಕುಣಿತದ ದಿನಗಳು ಬಂದೊಡನೆ, ಸೋಫುಸ್ ಯಂತ್ರ ಕೊಳ್ಳಬೇಕೆಂದು ಡೆನ್ಮಾರ್ಕಿಗೆ ಹೋಗಿ ಕೂತ. ಹೆಂಗಸರು ಖಾಲಿ ರಿಂಗಿನಲ್ಲಿ ಹಾಡಿದರು. ಅವನು ಮರಳಿ ಬಂದ ಮೇಲೆ ಪಂಚಾಯಿತಿಯ ಅಧ್ಯಕ್ಷನಾದ, ಬಂದರಿಗೆ ದೀಪ ಹಾಕಿಸಿದ, ಮದುವೆಮನೆಗಳಲ್ಲಿ ಎರಡು ಗುಟುಕು ಹಾಕಿದ ಮೇಲೆ ‘ನನ್ನ ಹಾಡು ಹಾಡ್ರೋ’ ಎಂದು ತಾನೇ ಶುರುಮಾಡತೊಡಗಿದ. ಒಳ್ಳೆಯವನೇ. ಗುನ್ವಾಳ ಗಂಡ ತೀರಿಕೊಂಡ ಚಳಿಗಾಲದಲ್ಲಿ ಯಾರೂ ಹೇಳದೆಯೇ ಬಂದು ಮನೆಮುಂದಿನ ಹಿಮ ಬಳಿದುಹೋಗುತ್ತಿದ್ದ. ಅದನ್ನು ನೆನೆದರೆ ಸಿಟ್ಟಿಗೆ ಹಿಡಿಯಲು ಜಾಗ ಸಿಗುತ್ತಿರಲಿಲ್ಲ. ಒದ್ದೆ ಕೈಯಲ್ಲಿ ಮೀನು ಹಿಡಿದಂತೆ ಅದು ಜಾರುತ್ತಿತ್ತು.

“ಯಾರದ್ದೋ ಮೈಯ ವಿಷಯ, ಟೀಚರ್,” ಎಂದಳು ಬಾರ್ಬಾ.

“ಮೈಯ ವಿಷಯ ಅಲ್ಲ. ಗಡಿಯಾರದ ವಿಷಯ.”

“ನೀವು ಹಂಗಂತೀರಿ. ಕೇಳೋರು ಹಂಗೆ ಕೇಳಲ್ಲ. ಯಾರು ಅಂತ ಗೊತ್ತಾಗ್ಬೇಕು, ಅಷ್ಟೆ. ಗೊತ್ತಾದ್ರೆ ಹೋಗಿ ಮಾತಾಡ್ತೀನಿ.”

“ಅವನೂ ಅಷ್ಟೇ ಕೇಳಿದ್ದು. ಮೇಲಿಂದ ಇಳಿದು ಬಂದು, ಯಾರು ಅಂತ ಗೊತ್ತಾಗ್ಬೇಕು ಅಷ್ಟೆ ಅಂದ. ನಿನ್ನ ಹಂಗೇ, ಮೆತ್ತಗೆ.”

ಹುಡುಗಿಯ ಮುಖ ಕೆಂಪಾಯಿತು. ಗುನ್ವಾಗೆ ತೃಪ್ತಿಯಾಯಿತು. ತರಗತಿಯಲ್ಲಿ ಯಾರಾದರೂ ಎದುರುಮಾತಾಡಿ ತಣ್ಣಗಾದಾಗ ಆಗುತ್ತಿದ್ದ ಅದೇ ತೃಪ್ತಿ, ಬಾಯಲ್ಲಿ ಕಬ್ಬಿಣದ ರುಚಿಯ ತೃಪ್ತಿ. ಬಾರ್ಬಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡಿದಳು. ಅಲ್ಲಿ ಮಂಜು ಬಂದರಿನವರೆಗೆ ಇಳಿದಿತ್ತು. ಕಾರ್ಖಾನೆಯ ಗೋಡೆಯ ಕೆಳಗಿನ ತುಂಡು ಮಾತ್ರ ಕಾಣುತ್ತಿತ್ತು.

“ನಮ್ಮಜ್ಜಿ ಅಂತಾರಲ್ಲ, ಟೀಚರ್,” ಎಂದಳು.

ಯಾರು ಅಂತಾರೆ, ಏನಂತಾರೆ ಎಂದು ಗುನ್ವಾ ಕೇಳಿದಳು. ಬಾರ್ಬಾ ಸನ್ನಾಳ ಮೊಮ್ಮಗಳು. ಸನ್ನಾ ಸತ್ತು ಕೆಲವು ವರ್ಷಗಳಾಗಿದ್ದವು.

“ಊರಲ್ಲಿ. ಎಲ್ಲಾರೂ. ಶಾಲೆ ಬಯಲಲ್ಲಿ ಹುಡುಗ್ರು ನನ್ನ ನಡುವೆ ನಿಲ್ಲಿಸ್ಕೊಂಡು ರಿಂಗ್ ಕಟ್ತಿದ್ರು. ಅದೊಂದೇ ನುಡಿ ಹಾಡ್ತಿದ್ರು. ‘ಒದ್ದೆ ನಾವೆಲ್ಲ’ ಅನ್ನೋ ಕಡೆ ‘ಒದ್ದೆ ಸನ್ನಾ’ ಅಂತ ಹಾಕ್ಕೊಂಡು. ನಿಮ್ಮ ಹಾಡನ್ನ ಅವರು ಆಗ್ಲೇ ತಿದ್ದಿದ್ರು, ಟೀಚರ್. ನಾನು ಮೊದಲನೇಳಲ್ಲ.” ಲೋಟ ಕೆಳಗಿಟ್ಟು ಹೇಳಿದಳು, “ನೀವು ಕಿಟಕೀಲಿ ನಿಂತಿದ್ರಿ. ನಗ್ತಿದ್ರಿ.”

ಹೌದು, ನಿಂತಿದ್ದಳು. ನೆನಪಿತ್ತು. ಶಿಕ್ಷಕರ ಕೋಣೆಯ ಕಿಟಕಿ, ಬಿಸಿಲು ಬಂದ ಅಪರೂಪದ ದಿನ, ಬಯಲಿನಲ್ಲಿ ಮಕ್ಕಳ ಕಾಲುಗಳು, ಎಡಕ್ಕೆ ಎರಡು ಬಲಕ್ಕೆ ಒಂದು, ಯಾರೂ ಹೇಳಿಕೊಡದೆ ಸರಿಯಾದ ತಾಳಕ್ಕೆ. ಮಾತು ಗಾಜಿನಾಚೆ ಕೇಳಿರಲಿಲ್ಲ, ರಾಗ ಮಾತ್ರ. ನಾವು ಕಟ್ಟಿದ್ದು ಉಳಿಯಿತು ಎಂದು ಅವಳ ಎದೆ ತುಂಬಿತ್ತು. ಗಾಜಿನ ಹಿಂದೆ ನಿಂತು, ಕೆಳಗಿನವರನ್ನು ನೋಡುತ್ತ, ನಕ್ಕಿದ್ದಳು. ಗಾಜಿನ ಹಿಂದೆ. ಈಗ ಅದನ್ನು ನೆನೆದು ಅವಳು ಎದ್ದು ನಿಂತಳು, ಏನು ಮಾಡಬೇಕೆಂದು ತಿಳಿಯದೆ ಜಾಮಿನ ಬಾಟಲಿಯನ್ನು ಹುಡುಗಿಯ ಮುಂದೆ ಸರಿಸಿದಳು.

ಬಾರ್ಬಾ ಕೇಳಿದ್ದು ಒಂದೇ. ಅಜ್ಜಿಯೋ ಅಲ್ಲವೋ, ಅಷ್ಟು ಹೇಳಿಬಿಟ್ಟರೆ ಸಾಕು. ಅಜ್ಜಿ ಹೌದಾದರೆ ಮನೆಯವಳಾಗಿ ತಾನೇ ಒಪ್ಪಿಗೆ ಕೊಡುತ್ತಾಳೆ, ನುಡಿ ಉಳಿಯುತ್ತದೆ. ಅಲ್ಲವಾದರೆ ಅದನ್ನು ಊರಿಗೆಲ್ಲ ಕೇಳುವ ಹಾಗೆ ಹೇಳಬೇಕು. ಗುನ್ವಾ ಬಾಯಿ ತೆರೆದಳು. ಅಲ್ಲಿ ನೀರು, ಸೊಂಟದಿಂದ ಕೆಳಕ್ಕೆ ನೀರು, ಏಪ್ರನ್ ಎತ್ತಿ ನಿಂತ ಹೆಂಗಸರು. ಬಾಯಿ ಮುಚ್ಚಿದಳು. ಶನಿವಾರದ ಹೊತ್ತಿಗೆ ನುಡಿ ಬರೆದು ತರುತ್ತೇನೆ, ಅಲ್ಲಿಯೇ ಕೇಳು ಎಂದಳು. ಹುಡುಗಿ ಸರಿ ಟೀಚರ್ ಎಂದು ಹೊರಟಳು. ಸಂಜೆ ದೀಪ ಹಾಕಲು ಹೋದಾಗ, ಹೊಸಿಲಲ್ಲಿ ಎಷ್ಟೋ ದಿನದಿಂದ ಸತ್ತಿದ್ದ ಬಲ್ಬು ಉರಿಯಿತು. ಬಾರ್ಬಾ ಬೂಟು ಹಾಕಿಕೊಳ್ಳುವಾಗ ಗೂಡಿನಲ್ಲಿದ್ದ ಹೊಸದನ್ನು ಹಾಕಿ ಹೋಗಿದ್ದಾಳೆ. ಗುನ್ವಾ ಆ ಬೆಳಕಿನ ಕೆಳಗೆ ನಿಂತು, ಯಾರ ಮೇಲೆಂದು ತಿಳಿಯದ ಸಿಟ್ಟಿನಲ್ಲಿ ದೀಪ ಆರಿಸಿ, ಮತ್ತೆ ಹಾಕಿದಳು.

ಮರುದಿನ ಅರ್ಧ ಮೀನು ಕಾಗದದಲ್ಲಿ ಸುತ್ತಿಕೊಂಡು ಮಾರ್ಯುನಳ ಮನೆಗೆ ಹತ್ತಿದಳು. ಆ ಸಾಲಿನಲ್ಲಿ ನಿಂತವರಲ್ಲಿ ಅವಳ ಹೊರತು ಉಳಿದವಳು ಮಾರ್ಯುನ್ ಒಬ್ಬಳೇ. ದಾರಿಯುದ್ದಕ್ಕೂ ಎದುರುಗಾಳಿ, ಅದನ್ನೂ ಬೈದಳು. ಮಾರ್ಯುನ್ ಹೆಣಿಗೆಯಿಂದ ಕಣ್ಣೆತ್ತದೆ ಎಲ್ಲವನ್ನೂ ಕೇಳಿದಳು. ಕಡ್ಡಿಗಳ ಸದ್ದು ಒಮ್ಮೆಯೂ ತಪ್ಪಲಿಲ್ಲ.

“ನಿಂಗೆ ಈಗ ಗೊತ್ತಾಯ್ತೇನೇ?” ಎಂದಳು. “ಆಗ ನೀನು ತೋರ್ಸ್‌ಹಾವ್ನಲ್ಲಿ ಪುಸ್ತಕ ಓದ್ತಾ ಕೂತಿದ್ದೆ.”

ಆಮೇಲೆ ಬಿಡಿಬಿಡಿಯಾಗಿ ಹೇಳಿದಳು. ಆ ಕಾಲದಲ್ಲಿ ದೋಣಿ ಬಂದರೆ ಕಚೇರಿಯಿಂದ ಮನೆಮನೆಗೆ ಫೋನು ಬರುತ್ತಿತ್ತು: ಮೀನು ಬಂದಿದೆ, ಬನ್ನಿ. ಸೋಫುಸ್ ಡೆನ್ಮಾರ್ಕಿನಿಂದ ಮರಳಿದ ಮೇಲೆ ಬಂದ ಮೊದಲ ದೋಣಿಗೆ ಸನ್ನಾಳ ಮನೆಯ ಫೋನು ಬಡಿಯಲಿಲ್ಲ. ಮುಂದಿನದಕ್ಕೂ ಇಲ್ಲ. ಕೆಲಸದಿಂದ ತೆಗೆದೆವೆಂದು ಯಾರೂ ಹೇಳಲಿಲ್ಲ, ಕರೆಯಲಿಲ್ಲ ಅಷ್ಟೆ. ಅಂಗಡಿಯಲ್ಲಿ ಯಾರೋ ಸನ್ನಾ ಯಾಕೆ ಬರುತ್ತಿಲ್ಲ ಎಂದು ಕೇಳಿದಾಗ, ಸೋಫುಸ್ ಕಾಫಿಯ ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡುತ್ತ, ಸನ್ನಾಗೆ ಒಣ ಜಾಗದ ಕೆಲಸ ನೋಡಬೇಕು ಎಂದ. ಅಂಗಡಿ ನಕ್ಕಿತು. ಮೇಲಿನ ಗಾಜಿನಿಂದ ಅವನಿಗೆ ಕಂಡದ್ದು ಪೈಪು ಹಿಡಿದ ಕೈ. ಮುಚ್ಚಿಡುವುದೇನೋ ಇದ್ದವಳೇ ನೀರು ಬಿಟ್ಟಿರಬೇಕು ಎಂದು ಲೆಕ್ಕ ಹಾಕಿದ. ಇನ್ನೊಬ್ಬಳಿಗಾಗಿ ಒಬ್ಬಳು ತನ್ನ ಮೈ ತೋಯಿಸಿಕೊಂಡಾಳು ಎಂಬುದು ಅವನ ತಲೆಗೆ ಹೋಗಲಿಲ್ಲ. “ಕೆಟ್ಟೋನೂ ಅಲ್ಲ ಕಣೇ. ಅವನಿಗೆ ಬುದ್ಧಿ ಓಡಿದ್ದೇ ಅಷ್ಟು,” ಎಂದಳು ಮಾರ್ಯುನ್.

“ನೀನಿದ್ದೆಯಾ ಅಂಗಡೀಲಿ?”

“ಇದ್ದೆ. ನಗ್ಲಿಲ್ಲ. ಬಾಯೂ ಬಿಡ್ಲಿಲ್ಲ. ನಂಗೂ ಫೋನ್ ಬರ್ಬೇಕಿತ್ತಲ್ಲ.”

ಗುನ್ವಾ ಮೀನಿನ ಪೊಟ್ಟಣವನ್ನು ಇನ್ನೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಕಾಗದ ಒದ್ದೆಯಾಗಿ ಲಂಗಕ್ಕೆ ಅಂಟಿತ್ತು. ಇವಳಿಗೆ ಕೊಡದೆ ಎದ್ದು ಹೋಗಬೇಕೆನ್ನಿಸಿತು. ಆಗ ನೆನಪಾಯಿತು: ಸನ್ನಾ ಬದುಕಿರುವವರೆಗೂ ಅವಳ ಬಾಗಿಲ ಹಿಡಿಗೆ ಚೀಲ ತೂಗುಹಾಕುತ್ತಿದ್ದವಳು ಇದೇ ಮಾರ್ಯುನ್. ತಾನು ಊರಿಗೆ ಮರಳಿ ಬಂದು ಶಾಲೆ ಸೇರಿದ ಮೇಲೆ ಅದನ್ನು ಎಷ್ಟೋ ಸಲ ನೋಡಿದ್ದಳು, ಎಂಥ ಒಳ್ಳೆಯ ಊರು ನಮ್ಮದು ಎಂದುಕೊಂಡಿದ್ದಳು. ಸನ್ನಾ ಅಲ್ಲ ಎಂದು ಒಂದು ಮಾತು ಹೇಳಬಹುದಿತ್ತಲ್ಲ, ಹೇಳಲಿಲ್ಲವೇಕೆ ಎಂದು ಕೇಳಿದಳು.

ಕಡ್ಡಿಗಳು ನಿಂತವು. “ಅವಳು ಅಲ್ಲ ಅಂದಿದ್ರೆ ಇನ್ನೊಬ್ಬಳು ಹೌದಾಗ್ತಿದ್ಲು. ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ. ಸ್ವೆಟರ್ ಹೆಣೆದು ಮಾರ್ಕೊಂಡು ಇದ್ದುಬಿಟ್ಲು. ನಾವಿಬ್ರೂ ಈಗ ಹೇಳೋದಾದ್ರೆ, ಸನ್ನಾ ಅಷ್ಟು ವರ್ಷ ಸುಮ್ನಿದ್ದದ್ದಕ್ಕೆ ಏನು ಬೆಲೆ ಬಂತು?” ಎಂದು, ಕೈ ಚಾಚಿ, “ಅದನ್ನ ಕೊಡು ಇಲ್ಲಿ, ಲಂಗ ಹಾಳಾಗುತ್ತೆ,” ಎಂದಳು.

ಕೆಳಗಿಳಿಯುವಾಗ ಗಾಳಿ ಬೆನ್ನಿಗಿತ್ತು, ಅವಳನ್ನು ತಳ್ಳುತ್ತಿತ್ತು. ಸಿಟ್ಟು ಈಗ ಜಾರುತ್ತಿರಲಿಲ್ಲ. ಹಿಮ ಬಳಿದ ಸೋಫುಸ್ ಒಂದು ಕಡೆ ಇದ್ದ, ಕಾಫಿ ಪೊಟ್ಟಣ ತೂಗಿದ ಸೋಫುಸ್ ಒಂದು ಕಡೆ; ಇಬ್ಬರಿಗೂ ಒಂದೇ ಅಂಗೈ. ತನಗೆ ಉತ್ತರ ಕೊಡದ ಹೆಂಗಸರಿಗೆ ಅವನು ತಾನೇ ಒಂದು ಉತ್ತರ ಮಾಡಿಕೊಂಡು, ಅದನ್ನು ಒಂದು ನಗೆಮಾತಿನಲ್ಲಿ ಸುತ್ತಿ ಊರಿನ ಕೈಗೆ ಕೊಟ್ಟ. ಊರು ಮಕ್ಕಳ ಬಾಯಿಗೆ ಕೊಟ್ಟಿತು. ಅದು ಹಾಡಿನಲ್ಲಿಲ್ಲ. ಹಾಡು ಮುಗಿದೇ ಇಲ್ಲ. ಎಲ್ಲರೂ ಮುಗಿಯಿತೆಂದುಕೊಂಡು ಮದುವೆಮನೆಗಳಲ್ಲಿ ಚಪ್ಪಾಳೆ ತಟ್ಟಿದರು. ಅಡುಗೆಮನೆಗೆ ಬಂದು ಕೋಟು ಕೂಡ ಬಿಚ್ಚದೆ ಅವಳು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಹೆಜ್ಜೆ ಹಾಕತೊಡಗಿದಳು, ಎಡಕ್ಕೆ ಎರಡು, ಬಲಕ್ಕೆ ಒಂದು. ಆಗಲೂ ಹೀಗೆಯೇ ಕಟ್ಟಿದ್ದು, ಕಾಲಿನಿಂದ. ಪೆನ್ನಿನಿಂದ ಕಟ್ಟಿದ್ದು ಕಾಲಿಗೆ ಹತ್ತುವುದಿಲ್ಲ. ಮಾತು ಬಂತು, ತಪ್ಪಿತು, ಬಂತು. ಕಾಗದದ ಮೇಲೆ ಅವಳು ಏನನ್ನೂ ಬರೆಯಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಹಳೆಯ ಕುಣಿತದ ಮನೆ ತುಂಬಿತ್ತು. ಹಲಗೆಯ ನೆಲದ ಮೇಲೆ ಮೈಕುಗಳನ್ನು ಇಳಿಬಿಟ್ಟಿದ್ದರು, ಕಾಲಿನ ಸದ್ದಿಗೆ ಬೇರೆ, ಬಾಯಿಗೆ ಬೇರೆ. ಕುಣಿತಕ್ಕೆ ವಾದ್ಯವಿಲ್ಲ, ನೆಲವೇ ವಾದ್ಯ. ಸೋಫುಸ್ ಬೆಳ್ಳಿ ಗುಂಡಿಯ ಹಬ್ಬದ ಅಂಗಿ ತೊಟ್ಟು ಕೋಲೂರಿಕೊಂಡು ಬಂದ. ಅವನ ಹೆಂಡತಿ ಎಲ್ಲರಿಗೂ ಆಗುವಷ್ಟು ಕೇಕು ತಂದಿದ್ದಳು. ಪತ್ರಿಕೆಯವನೊಬ್ಬ ಅವನ ಚಿತ್ರ ತೆಗೆದ. “ನನ್ನ ಹಾಡಿಗೆ ನಾನೇ ಬಾರದೆ ಇದ್ರೆ ಹೆಂಗೆ,” ಎಂದು ಸೋಫುಸ್ ಅವನಿಗೆ ಹೇಳುತ್ತಿದ್ದ. ಗುನ್ವಾಳನ್ನು ಕಂಡು ತಾನೇ ಮುಂದೆ ಬಂದು ಅವಳ ಕೋಟು ತೆಗೆಸಿ ಗೂಟಕ್ಕೆ ಹಾಕಿದ, ಕಿವಿಯ ಹತ್ತಿರ ಬಾಗಿ, “ಜಾಸ್ತಿ ಕುಣಿಸ್ಬೇಡವೇ ತಾಯಿ, ಮಂಡಿ ಹೋಗಿದೆ,” ಎಂದ. ಅವನ ಅಂಗೈ ಅವಳ ಭುಜದ ಮೇಲೆ ಬೆಚ್ಚಗಿತ್ತು.

ತೋಳು ಹಿಡಿಯಲು ಇಬ್ಬರು ಗಟ್ಟಿ ಗಂಡಸರು ಮುಂದೆ ಬಂದರು, ನಗುನಗುತ್ತ, ತಮಾಷೆಗೆ. ಮಾರ್ಯುನ್ ಅವರಲ್ಲೊಬ್ಬನನ್ನು ಮೊಣಕೈಯಿಂದ ಆಚೆ ಸರಿಸಿ ಸೋಫುಸನ ಎಡಗಡೆ ನಿಂತಳು. ಗುನ್ವಾ ಬಾರ್ಬಾಳನ್ನು ಕರೆದು, ಯಂತ್ರ ನೋಡಿಕೊಳ್ಳಲು ಬೇರೆಯವರಿದ್ದಾರಲ್ಲ, ನೀನು ಬಲಗಡೆ ನಿಲ್ಲು ಎಂದಳು. ಹೊಸ ನುಡಿ ತಂದಿದ್ದೀರಾ ಎಂದು ಬಾರ್ಬಾ ಕಣ್ಣಲ್ಲೇ ಕೇಳಿದಳು. ತಂದಿದ್ದೇನೆ. ಸೋಫುಸ್ ಕೋಲನ್ನು ಹೆಂಡತಿಯ ಕೈಗೆ ಕೊಟ್ಟು ಎರಡು ತೋಳುಗಳನ್ನೂ ರಾಜನಂತೆ ಚಾಚಿದ.

ಗುನ್ವಾ ಹಾಡು ಎತ್ತಿಕೊಂಡಳು. ಮುದಿ ಗಂಟಲು, ಮೊದಲ ನುಡಿಯಲ್ಲಿ ಒಡೆಯಿತು, ಎರಡನೆಯದರಲ್ಲಿ ಕೂತುಕೊಂಡಿತು. ಹಾಡಿನ ಪ್ರತಿ ಸಾಲೂ ಅವನ ಹೆಸರಿಗೆ ಬಂದು ಮುಟ್ಟುತ್ತದೆ. ಆ ಹೆಸರಿಗೆ ಇಡೀ ಮನೆ ದನಿಗೂಡಿಸುತ್ತದೆ, ಬಲಗಾಲು ನೆಲಕ್ಕೆ ಬೀಳುತ್ತದೆ. ರಿಂಗು ತನ್ನೊಳಗೇ ಸುತ್ತಿಕೊಳ್ಳುತ್ತ ಎಲ್ಲರ ಮುಖವನ್ನೂ ಎಲ್ಲರ ಮುಂದೆ ಹಾಯಿಸಿತು. ಸೋಫುಸನೇ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ಆರು ನುಡಿ ಮುಗಿದವು. ಏಳನೆಯದನ್ನು ಅವಳು ಒಂದಕ್ಷರ ಬದಲಿಸದೆ ಹಾಡಿದಳು.

ಕೈ ಎತ್ತಿ ನಿಂತಳು ಒಬ್ಬಳು, ಗಡಿಯಾರ ನೋಡಿದ ಸೋಫುಸ್,
ತಾಳು ಅಂದ, ತಾಳು ಅಂದ, ಮೀಸೆಯಲಿ ನಕ್ಕ ಸೋಫುಸ್,
ನೆಲವು ಒದ್ದೆ, ಯಾರು ಯಾರು, ಇಳಿದು ಬಂದ ಸೋಫುಸ್,
ಒದ್ದೆ ನಾವೆಲ್ಲ, ಒದ್ದೆ ನಾವೆಲ್ಲ, ಹೆಸರು ಇಲ್ಲ ಸೋಫುಸ್.

ಬಾರ್ಬಾಳ ಮುಖ ಹಾದುಹೋಯಿತು, ಬಿಳಿಚಿ, ತುಟಿ ಬಿಗಿದು. ಮಾತು ಕೊಟ್ಟು ತಪ್ಪಿದ ಟೀಚರನ್ನು ನೋಡುವ ಕಣ್ಣು. ಯಾರೋ ಇಬ್ಬರು ಪಕ್ಕಪಕ್ಕದಲ್ಲಿ ಒಬ್ಬರನ್ನೊಬ್ಬರು ನೋಡಿ, ಆ ಹುಡುಗಿಯ ಕಡೆ ನೋಡಿದರು. ಗುನ್ವಾ ಅದನ್ನು ಈಗ ಕಂಡಳು, ಗಾಜಿಲ್ಲದೆ, ಹತ್ತಿರದಿಂದ. ಎಂಟನೆಯ ನುಡಿಗೆ ಜನ ಉಸಿರೆಳೆದುಕೊಂಡಾಗ ಅವಳು ಅದಕ್ಕೆ ಹೋಗಲಿಲ್ಲ.

ಉತ್ತರ ಸಿಗದೆ ಹೋಗಲು ತಾನೇ ಉತ್ತರ ಕಟ್ಟಿದ ಸೋಫುಸ್,

ಯಾರಿಗೂ ಬಾರದ ಸಾಲು. ಆದರೆ ಕೊನೆಗೆ ಬಂದ ಹೆಸರು ಎಲ್ಲರಿಗೂ ಬರುತ್ತಿತ್ತು. ಮನೆ ತಾನಾಗಿ ದನಿಗೂಡಿಸಿತು, ಕಾಲು ತಾನಾಗಿ ಬಿತ್ತು. ಸೋಫುಸನೂ ಹಾಡಿದ, ನಗುತ್ತ, ಇದು ಯಾವುದೋ ಹೊಸ ತಮಾಷೆ ಎಂಬಂತೆ.

ಪೈಪು ಹಿಡಿದ ಕೈಯ ಕಂಡು ಸನ್ನಾ ಎಂದ ಸೋಫುಸ್,
ಕರೆಯದೆ ಕೆಲಸ ಕಿತ್ತುಕೊಂಡ, ಅಂಗಡಿಯಲಿ ನಕ್ಕ ಸೋಫುಸ್,

ಈ ಸಲ ಅವನ ಬಾಯಿ ತೆರೆದಿತ್ತು, ದನಿ ಬರಲಿಲ್ಲ. ನಕ್ಕ ಊರು ಅವನ ಹೆಸರನ್ನು ಹಾಡಿತು, ಹಾಡುತ್ತ ತನ್ನನ್ನೂ ಕೇಳಿಸಿಕೊಂಡಿತು. ದನಿ ತಗ್ಗಿತು, ಆದರೆ ನಿಲ್ಲಲಿಲ್ಲ, ನಿಲ್ಲಿಸುವಂತಿರಲಿಲ್ಲ. ಗುನ್ವಾ ಅವನ ಮುಖ ತನ್ನೆದುರು ಬರುವವರೆಗೆ ಕಾದು, ಅವನ ಕಣ್ಣಿಗೇ ಹಾಡಿದಳು.

ನೀರ ಬಿಟ್ಟವಳು ಸನ್ನಾ, ನಮ್ಮ ಕಾಯ್ದವಳು ಸನ್ನಾ, ಈಗ ಹೆಸರಿದೆ ಸೋಫುಸ್.

ಹೆಸರಿಗೆ ಬಿದ್ದ ಕಾಲುಗಳಿಂದ ಹಲಗೆ ನಡುಗಿತು. ಬಾರ್ಬಾ ಅಳುತ್ತಿರಲಿಲ್ಲ. ತಲೆ ಎತ್ತಿದ್ದಳು, ಕಿವಿಯವರೆಗೆ ಕೆಂಪಾಗಿದ್ದಳು, ಅವಳ ಬಲಗಾಲು ಉಳಿದವರಿಗಿಂತ ಒಂದು ಎಳೆ ತಡವಾಗಿ, ಒಂದು ಎಳೆ ಜೋರಾಗಿ ಬೀಳುತ್ತಿತ್ತು. ಆ ಸದ್ದು ಮೈಕಿನೊಳಗೆ ಹೋಗುತ್ತಿತ್ತು. ಸೋಫುಸ್ ತೋಳು ಎಳೆದುಕೊಂಡ. ಮಂಡಿ ಎಂದ, ಮೊದಲು ಮಾರ್ಯುನಳಿಗೆ, ಆಮೇಲೆ ಬಾರ್ಬಾಗೆ, ಬಿಡಮ್ಮ, ನನ್ನ ಮಂಡಿ ಎಂದ. ಸುಳ್ಳಲ್ಲ, ಅವನ ಕಾಲು ಮಡಚುತ್ತಿತ್ತು, ಹಣೆಯ ಮೇಲೆ ಬೆವರಿತ್ತು. ಬಾರ್ಬಾ ಅವನನ್ನು ನೋಡಿದಳು. ಒಂದು ಕೈಯನ್ನು ಅವನ ಬೆನ್ನ ಹಿಂದೆ ಹಾಕಿ ಸೊಂಟವನ್ನು ಭದ್ರವಾಗಿ ಹಿಡಿದಳು. ಆಮೇಲೆ ತನ್ನ ಹೆಜ್ಜೆಯನ್ನು ಚಿಕ್ಕದು ಮಾಡಿದಳು. ಮಾರ್ಯುನ್ ಚಿಕ್ಕದು ಮಾಡಿದಳು. ಅವರ ಪಕ್ಕದವರು, ಅವರ ಪಕ್ಕದವರು, ರಿಂಗಿನ ಉದ್ದಕ್ಕೂ ಒಬ್ಬೊಬ್ಬರಾಗಿ ಚಿಕ್ಕದು ಮಾಡಿದರು. ಇಡೀ ಮನೆ ಒಬ್ಬ ಮುದುಕನ ಮಂಡಿಗೆ ಹೊಂದುವಷ್ಟು ಮೆಲ್ಲಗೆ ಕುಣಿಯತೊಡಗಿತು. ಗುನ್ವಾ ರಾಗವನ್ನು ಅದಕ್ಕೆ ತಕ್ಕಂತೆ ನಿಧಾನ ಮಾಡಿದಳು. ಯಾರೂ ಅವನನ್ನು ಬೀಳಗೊಡಲಿಲ್ಲ. ಯಾರೂ ಬಿಡಲಿಲ್ಲ. ಹಾಡಿನಲ್ಲಿ ಇನ್ನೂ ನಾಲ್ಕು ನುಡಿಗಳಿದ್ದವು.